ಒಂದು ಗಿರಾ ಕಮ್ಮಿ

"ಒಂದು ಗಿರಾ ಕಮ್ಮಿ ಆಗ್ತೈತ್ರಿ ಸರ್..."

ಮಾತು ಬಾಯಿಂದ ಜಾರಿದ್ದೇ ತಡ, ಇಡೀ ಕೋಣೆ ಘೊಳ್ಳೆಂದು ನಕ್ಕಿತು.

ಫರೀನ್‌ಳ ಕಿವಿ ಕೆಂಪಾದವು. ಅಯ್ಯೋ, ಯಾಕಾದರೂ ಬಾಯಿ ತೆಗೆದೆ!

ರಾಮದುರ್ಗದ ಹಿಟ್ಟಿನ ಗಿರಣಿಯ ಮೇಲಿನ ಆ ಕೋಣೆಯಲ್ಲಿ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಸಂಜೆ ತರಗತಿ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಬಂದಿದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಜನ ಬಿ.ಕಾಂ., ಒಬ್ಬ ಬಿ.ಎಸ್ಸಿ. ಇತಿಹಾಸ ಓದಿ ಬಿ.ಎ. ಮುಗಿಸಿದವಳು ಅವಳೊಬ್ಬಳೇ.

ಹಲಗೆಯ ಮೇಲಿದ್ದ ಪ್ರಶ್ನೆ ಇಷ್ಟೇ. ಒಂದು ಅಳತೆಯನ್ನು ಶೇಕಡಾ ಇಪ್ಪತ್ತೈದು ಇಳಿಸಿ, ಉಳಿದದ್ದನ್ನು ಮತ್ತೆ ಶೇಕಡಾ ಇಪ್ಪತ್ತೈದು ಏರಿಸಿದರೆ ಏನಾಗುತ್ತದೆ? "ಮೊದಲಿದ್ದಷ್ಟ ಆಗ್ತೈತಿ!" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದ್ದರು.

"ಇದು ದರ್ಜಿ ಅಂಗಡಿ ಅಲ್ಲಬೇ ಯಕ್ಕಾ," ಎಂದ ಬಿ.ಎಸ್ಸಿ.ಯ ಲಗಮಪ್ಪ.

"ನಗೂದು ಸಾಕು!"

ಸುಣ್ಣದ ಕಡ್ಡಿ ಹಿಡಿದ ಕೈ ಮೇಜಿನ ಮೇಲೆ ಬಡಿಯಿತು. ಮುಜಫ್ಫರ ಸರ್. ಹಗಲು ಸುರೇಬಾನದ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿ, ಸಂಜೆ ಬಸ್ಸು ಹಿಡಿದು ಇಲ್ಲಿಗೆ ಬರುವ ಇಪ್ಪತ್ತೇಳರ ಯುವಕ. ಅವನು ನೇರವಾಗಿ ಅವಳತ್ತ ನೋಡಿದ.

"ಗಿರಾ ಅಂದ್ರೇನ್ರಿ? ಬಿಡಿಸಿ ಹೇಳ್ರಿ."

"ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಅರಬಿ ಹೊಲೀತಾಳ್ರಿ..." ಅವಳು ಬೆರಳು ಮಡಚುತ್ತ ಎಣಿಸಿದಳು. "ಹದಿನಾರು ಗಿರಾಕ್ಕ ಒಂದು ಗಜ. ಪಾವ ಅಂದ್ರ ಕಾಲು ಭಾಗ ತಗದ್ರ ಹನ್ನೆರಡು ಉಳೀತು. ಹನ್ನೆರಡರ ಪಾವ ಮೂರು. ಕೂಡಿಸಿದ್ರ ಹದಿನೈದ ಆತಲ್ರಿ..."

ಅವನು ತಿರುಗಿ ಹಲಗೆಯ ಮೇಲೆ ದೊಡ್ಡದಾಗಿ ಬರೆದ. 6.25.

"ಹದಿನಾರರಾಗ ಒಂದು. ಆರೂ ಕಾಲು ಪರ್ಸೆಂಟ್ ಕಮ್ಮಿ. ನನಗ ಎರಡು ಸಾಲು ಲೆಕ್ಕ ಬೇಕಾತು. ಇವರಿಗೆ ಒಂದು ಉಸಿರು ಸಾಕಾತು."

ಅವನ ಕಣ್ಣಲ್ಲಿದ್ದ ಬೆರಗನ್ನು ಅವಳು ಕಂಡಳು... ಎದೆಯೊಳಗೆ ಏನೋ ಒಂದು ಮೆಲ್ಲನೆ ಕದಲಿತು.

ಅದು ಎರಡು ಸಾವಿರದ ನಾಲ್ಕರ ಜುಲೈ. ಪರೀಕ್ಷೆ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ.

"ಒಂದು ವರ್ಷ ಕೊಟ್ಟೇನಿ ಮಗಳ," ಎಂದಿದ್ದರು ಸವದತ್ತಿ ದಾರಿಯಲ್ಲಿ ಟೆಂಪೋ ಓಡಿಸುವ ಅಪ್ಪ ಹುಸೇನಪೀರ. "ಒಂದ ಪರೀಕ್ಷಾ. ಆಗಲಿಲ್ಲಂದ್ರ ಓದೂದು ಸಾಕು ಮಾಡಿ ದಾದಿ ಜೋಡಿ ಮಷೀನಿಗೆ ಕುಂದರಬೇಕು."

ಒಂದೇ ಪರೀಕ್ಷೆ! ಬಿ.ಎ. ಓದಿದವಳಿಗೆ ಯಾಕೆ ಈ ಉಸಾಬರಿ ಎಂದು ಓಣಿಯವರು ಕೇಳಿದರೆ, ಅವಳಿಗೂ ಅದೇ ಅನುಮಾನ.

ಆದರೆ ಸಂಜೆ ಆರಾದರೆ ಕಾಲುಗಳು ತಾವಾಗಿ ಗಿರಣಿಯ ಮೆಟ್ಟಿಲು ಹತ್ತುತ್ತಿದ್ದವು. ಕೆಳಗೆ ಜೋಳ ಬೀಸುವ ಸದ್ದು, ಮೇಲೆ ಅವನ ದನಿ. ಪುಸ್ತಕದ ಪರ್ಸೆಂಟುಗಳಿಗೆ ಅವಳು ಹೆದರಿದಾಗ ಅವನು ಮೆಲ್ಲಗೆ ಕೇಳುತ್ತಿದ್ದ, "ದಾದಿ ಇದನ್ನ ಹೆಂಗ ಕತ್ತರಿಸ್ತಿದ್ರು?" ಅಷ್ಟೇ ಸಾಕು, ಪೌಣ, ಸವ್ವಾ, ದೀಡ ಎಂದು ಮುಕ್ಕಾಲು, ಒಂದೂಕಾಲು, ಒಂದೂವರೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು.

ಒಂದು ರೋಗ ಮಾತ್ರ ಬಿಡಲಿಲ್ಲ.

"ಇಪ್ಪತ್ತನೇ ಪ್ರಶ್ನಿ ನಿಮಗ ಗೊತ್ತಿತ್ತೇನು?"

"ಇಲ್ರಿ."

"ಮತ್ತ ಯಾಕ ಗುರುತು ಮಾಡಿದ್ರಿ?"

"ಖಾಲಿ ಹೆಂಗ ಬಿಡೂದ್ರಿ ಸರ್? ನಾವು ಬಿ.ಎ.ದಾಗ ಗೊತ್ತಿರಲಿಲ್ಲಂದ್ರ ಎರಡು ಪುಟ ಜಾಸ್ತಿನ ಬರೀತಿದ್ವಿ!"

ಅವನು ಹಣೆ ಚಚ್ಚಿಕೊಂಡು ನಕ್ಕ. "ಇಲ್ಲಿ ಒಂದು ತಪ್ಪಿಗೆ ಪಾವ ಅಂಕ ಕತ್ತರಿ ಬೀಳ್ತೈತಿ. ಬಿಡೂದು ಕಲೀರಿ."

ಅವಳೂ ನಕ್ಕಳು. ಆದರೆ ಕಲಿಯಲಿಲ್ಲ. ಖಾಲಿ ಜಾಗ ಕಂಡರೆ ಕೈ ಸುಮ್ಮನಿರಬೇಕಲ್ಲ?

ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಾಗ ಅವನು ನೂರು ಪ್ರಶ್ನೆಗಳ ಮಾದರಿ ಪರೀಕ್ಷೆ ಇಟ್ಟ. ಮರುದಿನ ತಿದ್ದಿದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಶಾಲೆಯ ಕೆಲಸವಿದೆಯೆಂದು ಬೇಗ ಬಸ್ಸಿಗೆ ಓಡಿದ. ಅವಳು ತನ್ನ ಹಾಳೆ ಎತ್ತಿಕೊಂಡಳು. ಕಡೆಯ ಪುಟದ ತಳದಲ್ಲಿ ಕೆಂಪು ಶಾಯಿ.

'ನೂರಕ್ಕೆ ಮೂವತ್ತೈದು. ಫರೀನ್, ಬಿಟ್ಟುಬಿಡ್ರಿ'

ಗಿರಣಿಯ ಸದ್ದು ಕಿವಿಯಲ್ಲೇ ನಿಂತಂತಾಯಿತು.

ಬಿಟ್ಟುಬಿಡ್ರಿ...

ಲಗಮಪ್ಪ ನಕ್ಕಿದ್ದರೆ ಸಹಿಸುತ್ತಿದ್ದಳು. ಓಣಿಯವರು ಆಡಿಕೊಂಡರೂ ಸರಿ. ಆದರೆ ಇವರು? ಒಂದು ಉಸಿರು ಸಾಕಾತು ಎಂದಿದ್ದ ಇವರೇ...? ಕಣ್ಣು ತುಂಬಿ ಅಕ್ಷರ ಕಲಸಿದವು. ಮನೆಗೆ ಬಂದವಳು ಆ ಹಾಳೆಯನ್ನು ದಾದಿಯ ಮಷೀನಿನ ಪಕ್ಕದ ರದ್ದಿ ಕಾಗದದ ರಾಶಿಗೆ ಎಸೆದಳು. ಮರುದಿನ ತರಗತಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಐದನೇ ದಿನ ಲಗಮಪ್ಪ ಬಾಗಿಲಿಗೆ ಬಂದ.

"ಏನ್ ಯಕ್ಕಾ, ನೀನಿಲ್ಲದ ಕ್ಲಾಸಿನ್ಯಾಗ ನಗಾಕ ಯಾರೂ ಇಲ್ಲ. ಸರಂತೂ ಹಲಗಿ ಮ್ಯಾಲೆ ಬರದದ್ದನ್ನ ಮತ್ತ ಮತ್ತ ಬರೀತಾರ. ಆರಾಮ ಅದಾಳೋ ಇಲ್ಲೋ ನೋಡ್ಕೊಂಡು ಬಾ ಅಂದ್ರು."

"ಆರಾಮ ಅದೇನಿ ಅಂತ ಹೇಳು." ಅವಳು ಬಾಗಿಲು ಅರ್ಧ ಮುಚ್ಚಿದಳು. "ಅವರು ಹೇಳಿದ್ದ ಮಾಡೇನಿ ಅಂತ ಹೇಳು."

ತಲೆ ಕೆರೆದುಕೊಂಡು ಅವನು ಹೋದ. ದಾದಿ ಶಾಹಜಾನಬಿ ಕನ್ನಡಕದ ಮೇಲಿಂದ ಮೊಮ್ಮಗಳನ್ನು ನೋಡಿ ಮತ್ತೆ ಮಷೀನು ತುಳಿದಳು.

ಇನ್ನೂ ಐದು ದಿನ ಹೋದವು. ಪರೀಕ್ಷೆಗೆ ಉಳಿದದ್ದು ಎಂಟೇ ದಿನ. ಆ ಸಂಜೆ ದಾದಿ ಕರೆದಳು.

"ಸುಮ್ನ ಕುಂತು ಮಾರಿ ಯಾಕ ಸಣ್ಣ ಮಾಡ್ತೀ? ಬಾ ಇಲ್ಲೆ. ಈ ತೋಳಿನ ಅಳತಿ ಕಾಗದ ಇಟ್ಟು ಜಂಪರ್ ಅರಬಿಗೆ ಟಾಚಣಿ ಚುಚ್ಚು."

ಓದು ಬಾರದ ದಾದಿಗೆ ಎಲ್ಲ ಕಾಗದವೂ ಒಂದೇ. ಹಳೆಯ ಕ್ಯಾಲೆಂಡರು, ಮದುವೆಯ ಪತ್ರಿಕೆ, ಕೈಗೆ ಸಿಕ್ಕಿದ್ದನ್ನು ತೋಳಿನ ಆಕಾರಕ್ಕೆ ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತಿದ್ದಳು. ಕೈಯಲ್ಲಿ ಪಿನ್ನುಗಳನ್ನು ಹಿಡಿದು ಫರೀನ್ ಆ ಕಾಗದವನ್ನು ಬಟ್ಟೆಯ ಮೇಲೆ ಹರಡಿದಳು.

ಕೆಂಪು ಶಾಯಿ!

ಅವಳದೇ ಹಾಳೆ. ಆದರೆ ಹಿಂದಿನ ಮಗ್ಗುಲು. ಅವಳು ತಿರುವಿಯೇ ನೋಡದಿದ್ದ ಮಗ್ಗುಲು.

'...ಗೊತ್ತಿಲ್ಲದ ಪ್ರಶ್ನಿಗಳನ್ನ. ಒಂದೂ ಬಿಡದ ಅಂದಾಜಿನ ಮ್ಯಾಲೆ ಗುರುತು ಮಾಡೀರಿ, ಐವತ್ತೆರಡು ತಪ್ಪು. ಅವನ್ನ ಖಾಲಿ ಬಿಟ್ಟಿದ್ರ ಹದಿಮೂರು ಅಂಕ ಉಳೀತಿದ್ವು. ನಿಮಗ ಸೀಟು ಸಿಗತೈತಿ, ನನಗ ಖಾತ್ರಿ ಐತಿ.'

ಅದರ ಕೆಳಗೆ ಇನ್ನೊಂದು ಸಾಲು. ಆ ಸಾಲಿನ ಆರಂಭವನ್ನು ದಾದಿಯ ಕತ್ತರಿ ನುಂಗಿತ್ತು.

'...ಮಾತ್ರ ಬಿಡಬ್ಯಾಡ್ರಿ.'

"ದಾದೀ!" ಅವಳು ಕಿರುಚಿಯೇ ಬಿಟ್ಟಳು. "ಇದರ ಉಳದ ತುಂಡು ಎಲ್ಲೆ?"

"ಒಲಿಗೆ ಹಾಕಿದೆ. ಯಾಕ, ನೋಟು ಗೀಟು ಇತ್ತೇನು?"

ಅಳಬೇಕೋ ನಗಬೇಕೋ! ಹತ್ತು ದಿನ... ಒಂದು ಹಾಳೆ ತಿರುವದೆ ಹತ್ತು ದಿನ ಸುಟ್ಟುಬಿಟ್ಟೆನಲ್ಲ! ಅವಳು ಆ ಕಾಗದದ ತೋಳನ್ನು ಎದೆಗವಚಿಕೊಂಡು ಚಪ್ಪಲಿ ಮೆಟ್ಟಿ ಓಡಿದಳು.

ಮುಜಫ್ಫರ ಆಗಷ್ಟೇ ಬಂದು ಕೋಣೆಯ ಕಿಟಕಿ ತೆರೆಯುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡವನ ಮುಖ ಬಿಳಿಚಿತು.

"ತಪ್ಪಾತ್ರಿ," ಅವನೇ ಮೊದಲು ತಡವರಿಸಿದ. "ನಾ ಹಂಗ ಬರೀಬಾರದಿತ್ತು. ನಿಮಗ ಸಿಟ್ಟು ಬಂದದ್ದು ಬರೋಬರಿ ಐತಿ..."

"ಸಿಟ್ಟು? ನಾ ಹಿಂದಿನ ಮಗ್ಗಲಾ ನೋಡೇ ಇರಲಿಲ್ರಿ ಸರ್! ಮುಂದಿನ 'ಬಿಟ್ಟುಬಿಡ್ರಿ' ಅಷ್ಟ ಓದಿ, ಪರೀಕ್ಷಾನ ಬಿಡಾಕ ಹೇಳೀರಿ ಅಂತ ತಿಳದೆ."

ಅವನು ಅವಳನ್ನೇ ದಿಟ್ಟಿಸಿದ. ಆಮೇಲೆ ಎಷ್ಟೋ ದಿನದ ಉಸಿರು ಒಮ್ಮೆಲೇ ಹೊರಬಿದ್ದಂತೆ ಬೆಂಚಿನ ಮೇಲೆ ಕುಸಿದ.

"ಜಾಗಾ ಸಾಲಲಿಲ್ಲ ಅಂತ ಹಿಂದ ಬರದೆ... ಇತಿಹಾಸ ಓದಿದಾಕಿ ನೀವು! ಶಾಸನದ ಎರಡೂ ಮಗ್ಗಲಾ ಓದಬೇಕು ಅನ್ನೂದು ಗೊತ್ತಿಲ್ಲೇನ್ರಿ?"

"ಮೊದಲನೇ ಸಾಲಿಗೇ ಕಣ್ಣೀರು ಬಂದ್ರ ಹೆಂಗ ಓದೂದ್ರಿ?"

ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತಲೇ ಅವಳು ಕಾಗದ ಚಾಚಿದಳು.

"ಇಲ್ಲೆ ಒಂದು ಶಬ್ದ ಕತ್ತರಿ ಪಾಲಾಗೇತ್ರಿ. ಏನು ಮಾತ್ರ ಬಿಡಬ್ಯಾಡ್ರಿ?"

ಅವನ ನಗು ನಿಂತಿತು. ಕುತ್ತಿಗೆ ಕೆಂಪೇರಿತು.

"ಸದ್ಯ ಆ ಪ್ರಶ್ನಿ ಬಿಡ್ರಿ. ಪರೀಕ್ಷಾ ಮುಗೀಲಿ... ಸೀಟು ಸಿಗಲಿ. ಆವಾಗ ಕೇಳ್ರಿ, ಹೇಳ್ತೇನಿ."

ಎಂಟು ದಿನ ಅವಳು ಬಿಡುವುದನ್ನೇ ಅಭ್ಯಾಸ ಮಾಡಿದಳು. ಬೆಳಗಾವಿಯ ಪರೀಕ್ಷಾ ಕೋಣೆಯಲ್ಲಿ ಖಾಲಿ ಸಾಲುಗಳು ಕಣ್ಣು ಚುಚ್ಚಿದವು, ಪೆನ್ಸಿಲು ತಾನಾಗಿ ಅತ್ತ ವಾಲಿತು. ಬಿಡು... ಬಿಡು ಫರೀನ್! ಎಡಗೈಯಿಂದ ಬಲಗೈ ಹಿಡಿದುಕೊಂಡಳು. ಮೂವತ್ತೊಂದು ಪ್ರಶ್ನೆಗಳನ್ನು ಖಾಲಿ ಬಿಟ್ಟು ಎದ್ದಾಗ, ಏನೋ ಕದ್ದು ಬಂದವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಫೆಬ್ರವರಿಯಲ್ಲಿ ಧಾರವಾಡದ ಕಾಲೇಜಿನ ಪಟ್ಟಿ ಬಂತು. ಇಂಟರ್ನೆಟ್ ಅಂಗಡಿಯ ಪರದೆಯ ಮೇಲೆ ತನ್ನ ಹೆಸರನ್ನು ಮೂರು ಸಲ ಓದಿದಳು. ಆ ಪಟ್ಟಿಯನ್ನು ಹಾಳೆಗೆ ಅಚ್ಚು ಹಾಕಿಸಿ, ಹಿಂದಿನ ಮಗ್ಗುಲನ್ನೂ ತಿರುವಿ ನೋಡಿದ ಮೇಲೆಯೇ ಅವಳು ನಂಬಿದ್ದು. ಎದೆಯ ಮೇಲಿನ ಬಂಡೆ ಇಳಿದಂತೆ... ಅಬ್ಬಾ!

ಅಪ್ಪ ಹುಸೇನಪೀರ ಆ ಹಾಳೆಯನ್ನು ಒಯ್ದು ಟೆಂಪೋದ ಗಾಜಿಗೆ ಅಂಟಿಸಿ, ಸವದತ್ತಿಯ ತನಕ ಹಾರ್ನು ಹೊಡೆಯುತ್ತ ಹೋದರು.

ಸಂಜೆ ಮುಜಫ್ಫರ ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದ. ದಾದಿ ಜಗಲಿಯಲ್ಲಿ ಮಷೀನು ತುಳಿಯುತ್ತಿದ್ದಳು. ಫರೀನ್ ಜೋಪಾನವಾಗಿಟ್ಟಿದ್ದ ಕಾಗದದ ತೋಳನ್ನು ತಂದು ಅವನ ಮುಂದೆ ಹಿಡಿದಳು.

"ಈಗ ಹೇಳ್ರಿ ಸರ್. ಯಾವ ಶಬ್ದ?"

"'ಕ್ಲಾಸ್' ಅಂತ ಬರದಿದ್ದೆ. ಕ್ಲಾಸ್ ಮಾತ್ರ ಬಿಡಬ್ಯಾಡ್ರಿ."

ಅವಳ ಮುಖ ಬಾಡಿತು. ಇಷ್ಟೇನಾ...?

"ಆದ್ರ," ಅವನು ತಲೆ ತಗ್ಗಿಸಿದ, "ಮೊದಲ 'ನನ್ನನ್ನ' ಅಂತ ಬರದು, ಅದನ್ನ ಹೊಡದುಹಾಕಿ 'ಕ್ಲಾಸ್' ಅಂತ ಬರದಿದ್ದೆ. ನೀವು ಬರೂದು ನಿಲ್ಲಿಸಿದಾಗ, ಹೊಡದುಹಾಕಿದ್ದನ್ನ ಓದಿ ಸಿಟ್ಟಾಗೀರಿ ಅಂತ ತಿಳದಿದ್ದೆ."

ಮಷೀನಿನ ಸದ್ದು ಗಕ್ಕನೆ ನಿಂತಿತು. ದಾದಿ ಸೂಜಿಗೆ ದಾರ ಪೋಣಿಸುವವಳಂತೆ ಬಗ್ಗಿದಳು. ದಾರ ಮಾತ್ರ ಕೈಯಲ್ಲಿರಲಿಲ್ಲ!

ಫರೀನ್‌ಳ ಕಣ್ಣು ಹನಿಗೂಡಿದವು. ತುಟಿಯಲ್ಲಿ ನಗು.

"ಈ ಪ್ರಶ್ನಿಗೆ ಉತ್ತರ ಬರೀಲ್ಯೋ, ಖಾಲಿ ಬಿಡ್ಲ್ಯೋ ಸರ್?"

"ಗೊತ್ತಿದ್ರ ಬರೀರಿ. ಅಂದಾಜಿನ ಮ್ಯಾಲೆ ಬ್ಯಾಡ."

"ಅಂದಾಜಲ್ರಿ. ಜುಲೈದಿಂದ ಗೊತ್ತೈತಿ."

ಅವನು ಮೆಲ್ಲಗೆ ತಲೆಯೆತ್ತಿದ. "ಹಂಗಾರ... ಇನ್ನ ಮ್ಯಾಲೆ 'ಸರ್' ಅನ್ನೂದು ಬಿಟ್ಟುಬಿಡ್ರಿ."

"ಬಿಟ್ಟೆ."

"ನನ್ನನ್ನ?"

"ಅದೊಂದ ಮಾತ್ರ ಬಿಡೂದಿಲ್ಲ."

"ಖಾತ್ರಿ ಐತೇನು ಫರೀನ್? ಒಂದು ಗಿರಾನೂ ಕಮ್ಮಿ ಇಲ್ಲ?"

ಅವಳು ಆ ಕಾಗದದ ತೋಳನ್ನು ಮಡಚಿ ಅವನ ಅಂಗೈಯಲ್ಲಿಟ್ಟು, ತನ್ನ ಬೆರಳುಗಳಿಂದ ಮುಚ್ಚಿದಳು.

"ಪೂರಾ ಗಜ... ಮುಜಫ್ಫರ."