ಮೂರನೆಯ ದೀಪ

ನನ್ನ ಮೇಜಿನ ಮೇಲಿನ ಗೋಡೆಗೆ ಮೂರು ದೀಪಗಳಿದ್ದವು. ಹಸಿರು, ಹಳದಿ, ಕೆಂಪು. ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ಬ್ಯುಸಿ, ಎಂಗೇಜ್ಡ್, ಆಕ್ಯುಪೈಡ್ ಎಂದು ಬರೆದಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ನನಗೆ ಮೂರೂ ಒಂದೇ. ಕೆಲಸ ನಡೆದಿದೆ, ತೆಪ್ಪಗಿರು, ಅಷ್ಟೇ. ಒಂದೇ ಮಾತಿಗೆ ಮೂರು ದೀಪ ಯಾಕೆ ಉರಿಯಬೇಕು, ಕರೆಂಟೇನು ಇವರ ತಾತ ಬಿಟ್ಟುಹೋದ ಆಸ್ತಿಯಾ ಎಂದು ಒಂದು ಬೆಳಗ್ಗೆ ಗೊಣಗಿಕೊಂಡೆ. ಬಲ್ಬು ಬದಲಿಸಲು ಬಂದಿದ್ದ ಹೊಸ ಫಿಟ್ಟರ್ ಏಣಿಯ ಮೇಲೆ ನಿಂತೇ ನಕ್ಕುಬಿಟ್ಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಕೆಂಡಕ್ಕ ಎಂದೇ ಕರೆಯುತ್ತಿದ್ದರು.

“ನಗೋದಾದ್ರೆ ಇಳಿದು ನಗಿ,” ಎಂದೆ. “ಬಿದ್ರೆ ಎತ್ತೋಕೆ ನನಗೆ ಪುರುಸೊತ್ತಿಲ್ಲ.”

ಅವರು ಇಳಿದರು. ಕೈ ಒರೆಸಿಕೊಂಡು, ನನ್ನನ್ನಲ್ಲ, ದೀಪಗಳನ್ನು ನೋಡುತ್ತಾ ಮಾತಾಡಿದರು.

“ಬ್ಯುಸಿ ಅಂದ್ರೆ ಮೋಟಾರು ಓಡ್ತಿದೆ. ಬೇಕಂದ್ರೆ ನಿಲ್ಲಿಸಬಹುದು. ಮನುಷ್ಯರೂ ಹಾಗೇ ಅಲ್ವಾ, ಬ್ಯುಸಿ ಅನ್ನೋರು ಮನಸ್ಸು ಮಾಡಿದ್ರೆ ಬಿಟ್ಟು ಬರಬಹುದು. ಎಂಗೇಜ್ಡ್ ಅಂದ್ರೆ ಗೇರಿನ ಹಲ್ಲಿಗೆ ಹಲ್ಲು ಕೂತಿದೆ. ಎಳೆದ್ರೆ ಮುರಿಯುತ್ತೆ, ನಿಧಾನಕ್ಕೆ ಬಿಡಿಸಬೇಕು.”

“ಕೆಂಪು?”

“ಅದು ಕೆಲಸದ ಮಾತೇ ಅಲ್ಲ. ಒಳಗೆ ಒಬ್ಬರಿದ್ದಾರೆ ಅಂತ. ದುಡೀತಿರಬಹುದು, ಬಿದ್ದಿರಬಹುದು, ಅದು ದೀಪಕ್ಕೆ ಗೊತ್ತಿಲ್ಲ. ಆದ್ರೆ ಇದ್ದಾರೆ.” ಆಮೇಲೆ ನನ್ನ ಕಡೆ ತಿರುಗಿದರು. “ಇನ್ಮೇಲೆ ಆ ಒಬ್ಬ ನಾನೇ.”

ಒಳಗೆ ಎಂದರೆ ಕಾಗದ ಮಾಡುವ ತಿರುಳನ್ನು ಕಲಸುವ ತೊಟ್ಟಿಯ ಒಳಗೆ. ಕಟ್ಟಡದ ಆ ತುದಿಯಲ್ಲಿ, ನನ್ನ ಕೋಣೆಯಿಂದ ಕಾಣದ ಜಾಗದಲ್ಲಿ, ಬಾವಿಯಂಥ ಒಂದು ತೊಟ್ಟಿ ಇತ್ತು. ಅದರ ತಳದಲ್ಲಿ ಆಳುದ್ದದ ಉಕ್ಕಿನ ರೆಕ್ಕೆಗಳು. ಗೋಡೆಗೆ ಅಂಟಿದ ತಿರುಳನ್ನು ಕೆರೆಯಲು ಇಳಿಯುವವರು ತೊಟ್ಟಿಯ ಬಾಯಲ್ಲಿರುವ ಗುಂಡಿ ಒತ್ತಿದರೆ ನನ್ನ ಗೋಡೆಯ ಕೆಂಪು ದೀಪ ಹತ್ತಬೇಕು. ಅದು ಆರುವತನಕ ನಾನು ಆ ರೆಕ್ಕೆಗಳ ಮೋಟಾರಿನ ಕೀ ತಿರುಗಿಸಬಾರದು.

ಅಲ್ಲಿಯವರೆಗೆ ಕೆಂಪು ದೀಪ ನನಗೆ ಬರೀ ದೀಪವಾಗಿತ್ತು. ಆ ದಿನದಿಂದ ಅದಕ್ಕೊಂದು ಮುಖ ಬಂತು.

ಇಳಿಯುವ ಮುಂಚೆ ಅವರು ನನ್ನ ಕೋಣೆಗೆ ಬಂದು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ಒದ್ದೆಯಾಗುತ್ತೆ ಎಂಬುದು ನೆಪ. ಪಟ್ಟಿ ಇನ್ನೂ ಬೆಚ್ಚಗಿರುತ್ತಿತ್ತು. ಅವರು ಅತ್ತ ಹೋದ ಮೇಲೆ ನಾನು ಅದನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದೆ, ಹೆಜ್ಜೆ ಸಪ್ಪಳ ಕೇಳಿದೊಡನೆ ಬಿಚ್ಚಿಡುತ್ತಿದ್ದೆ. ಹುಬ್ಬಿನಲ್ಲೆಲ್ಲ ಬಿಳೀ ತಿರುಳು ಮೆತ್ತಿಕೊಂಡು ಅವರು ಬಾಗಿಲಲ್ಲಿ ನಿಂತರೆ, ಮುದುಕರಾದ ಮೇಲೆ ಹೀಗೇ ಕಾಣುತ್ತಾರೇನೋ ಎನಿಸುತ್ತಿತ್ತು. ನೋಡಬೇಕು ಎಂದೂ ಎನಿಸುತ್ತಿತ್ತು.

ಒಂದು ಸಂಜೆ ಗೇಟಿನ ಹತ್ತಿರ ಅವರು ಕೇಳಿದರು: “ನಿಮ್ಮ ಮನಸ್ಸಿಗೂ ಹೀಗೇ ದೀಪ ಹಾಕಿದ್ರೆ ಯಾವುದು ಉರೀತಿತ್ತು?”

ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದದ್ದು ಅಣ್ಣನ ಮನೆಯಲ್ಲಿ. ಫಿಟ್ಟರ್ ವಿಷಯ ಕಿವಿಗೆ ಬಿದ್ದದ್ದೇ, ಈ ವಯಸ್ಸಲ್ಲಿ ಮದುವೆಯಾದರೆ ನಾಲ್ಕು ಜನ ನಗುತ್ತಾರೆ ಎಂದು ಅತ್ತಿಗೆ ರಾಗ ತೆಗೆದಿದ್ದಳು. ನಗುವವರು ನಗಲಿ, ನಿನಗೆ ಚಿಂತೆ ಪಾತ್ರೆ ತಿಕ್ಕುವವರು ಯಾರು ಅಂತ ತಾನೇ ಎಂದು ನಾನೂ ಬಾಯಿ ಮಾಡಿದ್ದೆ. ಆದರೂ ಗೇಟಿನ ಹತ್ತಿರ ನಾಲಿಗೆ ಬೇರೆಯೇ ಹೊರಳಿತು.

“ಬ್ಯುಸಿ,” ಎಂದೆ.

ಅವರ ಕಣ್ಣಿನ ಅಂಚಿನಲ್ಲಿ ನಗು ಬಂದು ಹೋಯಿತು. “ಆಕ್ಯುಪೈಡ್ ಅನ್ನಲಿಲ್ವಲ್ಲ. ಕಾಯ್ತೀನಿ ಬಿಡಿ.”

ಅದೇ ವಾರ ಕೆಂಪು ದೀಪ ಮಿಣುಕಲು ಶುರುವಾಯಿತು. ಆರುತ್ತಿತ್ತು, ಗಾಜಿಗೆ ಬೆರಳಿಂದ ತಟ್ಟಿದರೆ ಮತ್ತೆ ಹತ್ತುತ್ತಿತ್ತು. ಆರಿದಾಗಲೆಲ್ಲ ನಾನು ಕುರ್ಚಿಯಿಂದ ಎದ್ದುಬಿಡುತ್ತಿದ್ದೆ. ತೊಟ್ಟಿಯ ಕಡೆ ಹಬೆಗೆ ತಂತಿ ಕೊಳೆತಿದೆ, ಎರಡು ದಿನ ಮಿಷನ್ ನಿಲ್ಲಿಸಿದರೆ ಸರಿಮಾಡುತ್ತೇನೆ ಎಂದು ಫಿಟ್ಟರ್ ಹೇಳಿದ್ದರು. ಈ ಆರ್ಡರ್ ಹೋಗಲಿ, ಆಮೇಲೆ ನೋಡೋಣ ಎಂದು ಸೂಪರ್‌ವೈಸರ್ ತಳ್ಳಿಹಾಕಿದ. ಫಿಟ್ಟರಿಗೋ ಅದೂ ತಮಾಷೆ. ದೀಪ ಕಣ್ಣು ಹೊಡೆಯುತ್ತಿದೆ, ನಿಮಗೆ ಅಭ್ಯಾಸವಿಲ್ಲ, ಅದಕ್ಕೇ ಗಾಬರಿ ಎಂದರು. ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ, ಅವರು ತೊಟ್ಟಿಗೆ ಇಳಿದ ಸ್ವಲ್ಪ ಹೊತ್ತಿಗೆ, ದೀಪ ಆರಿತು. ತಟ್ಟಿದೆ. ಹತ್ತಲಿಲ್ಲ. ಇನ್ನೂ ಜೋರಾಗಿ ತಟ್ಟಿದೆ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು, ಕೆಂಪು ಹೋಗಿದೆಯಲ್ಲ, ಮೋಟಾರು ಹಾಕಿ, ಲಾರಿ ಕಾಯುತ್ತಿದೆ ಎಂದ. ಫಿಟ್ಟರ್ ಇನ್ನೂ ಒಳಗಿದ್ದಾರೆ ಎಂದೆ. ಯಾರು ಹೇಳಿದರು ಎಂದು ಕೇಳಿದ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಕೂತಿರುತ್ತಾನೆ ಎಂದೂ ಸೇರಿಸಿದ.

ನಾನು ಮಣಿಕಟ್ಟು ನೋಡಿಕೊಂಡೆ. ಗಡಿಯಾರ ನನ್ನ ಕೈಯಲ್ಲೇ ಇತ್ತು.

ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದು ಎದ್ದೆ. ಕೆಲಸ ಹೋಗುತ್ತೆ ನೋಡಿ ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಹೋದರೆ ಹೋಗಲಿ, ನಾನೇನು ಕೆಲಸವನ್ನು ಹೆತ್ತಿದ್ದೇನಾ ಎಂದುಕೊಂಡು ಓಡಿದೆ.

ತೊಟ್ಟಿಯ ಬಾಯಿಗೆ ಬಗ್ಗಿದೆ. ಕೆಳಗೆ ಕತ್ತಲು, ಕತ್ತಲೊಳಗೆ ಕೆರೆಯುವ ಸದ್ದು. ಆ ಕರಕರ ಸದ್ದಿನಷ್ಟು ಇಂಪು ನಾನು ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

“ಮೇಲೆ ಬನ್ನಿ.”

“ಬ್ಯುಸಿ ಇದೀನಿ. ಅಲ್ಲಿಂದಲೇ ಹೇಳಿ.”

“ಬ್ಯುಸಿ ಅನ್ನೋರು ಬಿಟ್ಟು ಬರಬಹುದಂತೆ. ಯಾರೋ ಹೇಳಿದ್ರು.”

ಕೆಳಗಿನಿಂದ ನಗು ಬಂತು. “ಇನ್ನೊಂದು ಮೂಲೆ ಇದೆ ಕಣ್ರೀ.”

ಕೀ ನನ್ನ ಮುಷ್ಟಿಯಲ್ಲಿತ್ತು. ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ಹೇಳಬೇಕಾದದ್ದನ್ನು ಅಲ್ಲಿಂದಲೇ ಹೇಳಿ ಹೊರಡಬಹುದಿತ್ತು. ಆದರೆ ಸಿಟ್ಟು ಬಂತು. ಜೀವ ಬಾಯಿಗೆ ಬಂದು ಓಡಿ ಬಂದವಳು, ಇಂಥ ಮಾತನ್ನು ಒಂದು ತೂತಿಗೆ ಹೇಳಿ ಹೋಗಬೇಕಾ?

“ಇದು ಮುಖ ನೋಡಿ ಹೇಳೋ ಮಾತು. ಬೇಕಿದ್ರೆ ಬನ್ನಿ, ಇಲ್ಲಾಂದ್ರೆ ಇನ್ಯಾವತ್ತೂ ಕೇಳಬೇಡಿ.”

ಕೆರೆಯುವ ಸದ್ದು ನಿಂತಿತು. ಆಮೇಲೆ ಏಣಿಯ ಮೆಟ್ಟಿಲು ಒಂದೊಂದೇ ಕಿರುಗುಟ್ಟಿದವು. ಬಿಳೀ ಹುಬ್ಬು ಬೆಳಕಿಗೆ ಬಂತು. ಅವರು ಕಾಲನ್ನು ಈಚೆ ಹಾಕಿ ನನ್ನ ಪಕ್ಕ ಕೂತು, ಉಸಿರು ತಿರುಗಿಸಿಕೊಂಡು, ನನ್ನ ಕೈಯಲ್ಲಿದ್ದ ಗಡಿಯಾರ ನೋಡಿದರು. ನಾನು ಬಚ್ಚಿಡಲಿಲ್ಲ.

“ನನಗಿಂತ ನಿಮಗೇ ಚೆನ್ನಾಗಿ ಕಾಣುತ್ತೆ,” ಎಂದರು.

“ಬಿಡುವಾಯ್ತು,” ಎಂದೆ.

“ಯಾರಿಗೆ?”

“ನನಗೆ ರೀ. ಇನ್ನೆಷ್ಟು ಬಿಡಿಸಿ ಹೇಳಬೇಕು?”

ಅವರು ಏನೋ ಹೇಳಲು ಬಾಯಿ ತೆರೆದರು. ನಾವು ಕೂತಿದ್ದ ನೆಲ ನಡುಗಿತು.

ಕೆಳಗೆ ರೆಕ್ಕೆಗಳು ತಿರುಗಿದವು. ಮೊದಲು ನಿಧಾನಕ್ಕೆ, ಆಮೇಲೆ ಕಾಣದಷ್ಟು ಜೋರಾಗಿ. ಅವರು ಬಿಟ್ಟು ಬಂದಿದ್ದ ಕೆರೆಯುವ ಸಲಾಕೆ ಗೋಡೆಗೆ ಒಮ್ಮೆ ಬಡಿಯಿತು, ಇನ್ನೊಮ್ಮೆ ಬಡಿಯಿತು. ಆಮೇಲೆ ಅದರ ಸದ್ದಿಲ್ಲ.

ನಾನು ಮುಷ್ಟಿ ಬಿಚ್ಚಿದೆ. ಕೀ ಅಲ್ಲೇ ಇತ್ತು, ಅಂಗೈಗೆ ಅಚ್ಚು ಒತ್ತಿತ್ತು.

ಇನ್ನೊಂದು ಕೀ ಸೂಪರ್‌ವೈಸರನ ಡ್ರಾಯರಿನಲ್ಲಿ ಇರುತ್ತಿತ್ತಂತೆ. ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ದೀಪ ಆರಿತ್ತಲ್ಲ, ತೊಟ್ಟಿ ಖಾಲಿ ಅಂದುಕೊಂಡೆ ಎಂದು ಅವನು ಆಮೇಲೆ ಹೇಳಿದ. ನಾನು ಅವನಿಗೆ ಏನು ಮಾಡಿದೆ ಎಂದು ಇಲ್ಲಿ ಬರೆಯುವುದಿಲ್ಲ. ಆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾವಿಬ್ಬರೂ ಆ ಕೆಲಸ ಬಿಟ್ಟೆವು. ಮದುವೆಯಾಯಿತು. ನಾಲ್ಕು ಜನ ನಕ್ಕರು, ನಕ್ಕು ಸುಸ್ತಾದರು. ಈಗ ಅವರಿಗೆ ಒಂದು ಸಣ್ಣ ರಿಪೇರಿ ಅಂಗಡಿ. ಹುಬ್ಬು ನಿಜವಾಗಿಯೂ ಬೆಳ್ಳಗಾಗುತ್ತಿದೆ, ನಾನು ದಿನಾ ನೋಡುತ್ತೇನೆ.

ಆದರೆ ಇವತ್ತಿಗೂ ಅವರು ಬಚ್ಚಲಿಗೆ ಹೋಗಿ ಸ್ವಲ್ಪ ತಡವಾದರೆ ಬಾಗಿಲು ತಟ್ಟುತ್ತೇನೆ. ಮೊದಮೊದಲು ‘ಬ್ಯುಸಿ ಕಣೇ’ ಎಂದು ತಮಾಷೆ ಮಾಡುತ್ತಿದ್ದರು. ಒಮ್ಮೆ ನನ್ನ ಮುಖ ನೋಡಿದ ಮೇಲೆ ಆ ಮಾತು ಬಿಟ್ಟರು.

ಈಗ ಒಂದೇ ಮಾತು. “ಇದೀನಿ.”

ನಾನು ತಟ್ಟಿದ್ದಕ್ಕೂ ಅವರು ಅದನ್ನು ಹೇಳುವುದಕ್ಕೂ ನಡುವೆ ಒಂದು ಚೂರು ಹೊತ್ತು ಇರುತ್ತದೆ. ಅಷ್ಟು ಹೊತ್ತು ನನ್ನ ಕಾಲ ಕೆಳಗಿನ ನೆಲ ನಡುಗುತ್ತಲೇ ಇರುತ್ತದೆ.