ಒಂಟಿಕಾಲಿನ ಸಾಕ್ಷಿ

ಕಂಪ್ಯೂಟರ್ ಮೇಷ್ಟ್ರ ಹೊಟ್ಟೆಗೆ ಕಿಚ್ಚು ಬಿದ್ದದ್ದು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೆ. ಆನ್‌ಲೈನ್ ಸುರಕ್ಷತೆಯ ಪಾಠವನ್ನೂ ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನೂ ಹೆಡ್‌ಮಿಸ್ ಆ ದಿನ ಡ್ರಿಲ್ ಮೇಷ್ಟ್ರಿಗೆ ವಹಿಸಿಬಿಟ್ಟರು. "ಅವರ ದನಿ ಕೊನೇ ಬೆಂಚಿನವರೆಗೂ ಕೇಳ್ಸುತ್ತೆ," ಎಂಬುದೇ ಕಾರಣ. ಮೌಸನ್ನು ರಿಲೇ ಓಟದ ಕೋಲಿನಂತೆ ಹಿಡಿಯುವ ಮನುಷ್ಯ. ಮಂಗನ ಕೈಗೆ ಮಾಣಿಕ್ಯ ಕೊಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮಕ್ಕಳಿಗೆ ಪಾಸ್‌ವರ್ಡ್ ಎಂದರೇನೆಂದು ಕಲಿಸಿದವರು ಯಾರು? ಕಣ್ಣಿಗೆ ಬಿದ್ದ ಸ್ಕ್ರೀನ್‌ಶಾಟನ್ನೆಲ್ಲ ನಂಬಬೇಡಿ, ಮೊದಲು ಅದು ಯಾರ ಫೋನಿನದು ನೋಡಿ ಎಂದು ಗಂಟಲು ಹರಿದುಕೊಂಡವರು ಯಾರು? ಈಗ ಅವರ ಪಾಲಿಗೆ ಉಳಿದದ್ದು ಪ್ರಿಂಟರಿಗೆ ಶಾಯಿ ತುಂಬುವ ಕೆಲಸ. ಆ ಕೋಣೆಯಿಲ್ಲದೆ ತಾನು ಯಾರೂ ಅಲ್ಲ ಎನಿಸಿ ಅವರಿಗೆ ನಿಜಕ್ಕೂ ಅಳು ಬಂತು.

ಅಳು ಮುಗಿದ ಮೇಲೆ ಉಪಾಯ ಹೊಳೆಯಿತು. ಸುರಕ್ಷತೆ ಕಲಿಸುವವನೇ ಮೋಸಹೋದರೆ ಬೀಗದ ಕೈ ತಾನಾಗಿ ಮರಳಿ ಬರುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಕೋಲಾಗಿ ಒದಗಿದ್ದು ಅತ್ತೆಯವರ ಹಳೇ ಫೋನು. ಅದರ ನಂಬರು ಶಾಲೆಯಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ. ಮೇಷ್ಟ್ರು ಅದರಲ್ಲಿ ಹೆಡ್‌ಮಿಸ್ ಹೆಸರಿನ ಖಾತೆ ತೆರೆದು, ಶಾಲೆಯ ವಾರ್ಷಿಕ ಸಂಚಿಕೆಯಿಂದ ಅವರ ಫೋಟೊ ತೆಗೆದು ಹಾಕಿದರು. ಮನೆಯಿಂದ ದೂರದ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತರು. ಬೆರಳಚ್ಚು ಉಳಿಯಬಾರದೆಂದು ಉಣ್ಣೆಯ ಕೈಗವಸು ತೊಟ್ಟರು. ಕೈಗವಸಿನಲ್ಲಿ ಅಕ್ಷರ ಒತ್ತಲು ಬಾರದೆ ಮೂಗಿನಿಂದ ಟೈಪ್ ಮಾಡಿದರು.

"ನಾನು ಹೆಡ್‌ಮಿಸ್. ಹೊಸ ನಂಬರು. ಶಾಲೆಯ ಪಾಸ್‌ವರ್ಡ್ ಕಳಿಸಿ."

ಡ್ರಿಲ್ ಮೇಷ್ಟ್ರಿಂದ ಕೂಡಲೇ ಪಾಸ್‌ವರ್ಡ್ ಬಂತು. ಬೇಟೆ ಇಷ್ಟು ಸುಲಭವಾದದ್ದಕ್ಕೆ ಮೇಷ್ಟ್ರಿಗೆ ಬೇಸರವೇ ಆಯಿತು. "ಇದು ನೀವೇ ಅಂತ ಹೇಗೆ ನಂಬೋದು? ಬಾಯಲ್ಲಿ ಸೀಟಿ ಇಟ್ಕೊಂಡು, ಒಂಟಿಕಾಲಲ್ಲಿ ನಿಂತು ಫೋಟೊ ಕಳಿಸಿ," ಎಂದು ಮತ್ತೆ ಮೂಗು ಒತ್ತಿದರು. ಅದೂ ಬಂತು. ಕೆಳಗೆ ವಿನಯದಿಂದ ಒಂದು ಸಾಲು: "ಇನ್ನೊಂದು ಕಾಲಿಂದೂ ಬೇಕಾ ಮೇಡಂ?"

ಇನ್ನು ಬಯಲಿಗೆಳೆಯುವುದೊಂದೇ ಬಾಕಿ. ಫೋನು ನಿಧಾನವಾಗಿದೆ, ಸರಿಮಾಡಿಕೊಡುತ್ತೇನೆ ಎಂದು ಡ್ರಿಲ್ ಮೇಷ್ಟ್ರ ಫೋನನ್ನು ಕೇಳಿ ಪಡೆದರು. ಅದರಿಂದಲೇ ಸ್ಕ್ರೀನ್‌ಶಾಟ್ ತೆಗೆಯುವ ಯೋಚನೆ. ಆದರೆ ಆ ಮಹಾಶಯ ಇವರ ಹೆಗಲ ಮೇಲೆ ಗಲ್ಲವಿಟ್ಟು ನೋಡುತ್ತಲೇ ನಿಂತರು. ಹೋಗಲಿ, ಅವೇ ಮಾತುಗಳು ಅತ್ತೆಯ ಫೋನಿನಲ್ಲೂ ಇವೆಯಲ್ಲ. ಅಲ್ಲಿಂದಲೇ ತೆಗೆದರು. ಮೇಲ್ತುದಿಯಲ್ಲಿ ಡ್ರಿಲ್ ಮೇಷ್ಟ್ರ ಹೆಸರು ಕಾಣುತ್ತಿದ್ದ ಭಾಗವನ್ನು ಜಾಣತನದಿಂದ ಕತ್ತರಿಸಿದರು. ಪಾಸ್‌ವರ್ಡಿಗೆ ಮಸಿ ಬಳಿದು ಮುಚ್ಚಿದರು. ಸುರಕ್ಷತೆ ಎಂದರೆ ಸುರಕ್ಷತೆ.

ಮರುದಿನ ಸಭಾಂಗಣದಲ್ಲಿ ಇಡೀ ಶಾಲೆ ಕೂತಿತ್ತು. "ನಿನ್ನೆ ಇವರ ಫೋನ್ ಸರಿಮಾಡುವಾಗ ಇದು ಕಣ್ಣಿಗೆ ಬಿತ್ತು. ಬೇಜಾರಿಂದ್ಲೇ ತೋರಿಸ್ತಿದೀನಿ," ಎಂದು ಮೇಷ್ಟ್ರು ಪರದೆಯ ಮೇಲೆ ಚಿತ್ರ ಬಿಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಾಯಲ್ಲಿ ಸೀಟಿ ಕಚ್ಚಿಕೊಂಡ ಡ್ರಿಲ್ ಮೇಷ್ಟ್ರು ಗೋಡೆಯೆತ್ತರಕ್ಕೆ ಒಂಟಿಕಾಲಲ್ಲಿ ನಿಂತಿದ್ದರು. "ನಾನು ಇಂಥದ್ದೇನೂ ಕೇಳೇ ಇಲ್ಲ," ಎಂದ ಹೆಡ್‌ಮಿಸ್ ಮುಖ ಕೆಂಪಾಯಿತು. ಡ್ರಿಲ್ ಮೇಷ್ಟ್ರು ತಲೆ ತಗ್ಗಿಸಿ, ಜೇಬಿನಿಂದ ಬೀಗದ ಕೈ ತೆಗೆದು ಚಾಚಿದರು. ಕಂಪ್ಯೂಟರ್ ಮೇಷ್ಟ್ರು ಅಂಗೈ ಒಡ್ಡಿದರು.

ಅಷ್ಟರಲ್ಲಿ ಐದನೇ ಕ್ಲಾಸಿನ ಸಾಲಿನಲ್ಲಿ ಕೈಗಳು ಒಂದೊಂದಾಗಿ ಮೇಲೆದ್ದವು. ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತಳು. "ಸಾರ್, ನಾವು ಕಳಿಸಿದ್ದು ಬಲಗಡೆ, ನಮಗೆ ಬಂದಿದ್ದು ಎಡಗಡೆ ಇರುತ್ತೆ ಅಂತ ನೀವೇ ಹೇಳ್ಕೊಟ್ಟಿದ್ರಿ. ಇಲ್ಲಿ ಡ್ರಿಲ್ ಸಾರ್ ಫೋಟೊ ಎಡಗಡೆ ಇದೆ, ಪಾಸ್‌ವರ್ಡ್ ಕೇಳಿದ್ದು ಬಲಗಡೆ ಇದೆ. ಇದು ಡ್ರಿಲ್ ಸಾರ್ ಫೋನಲ್ಲ, ಕೇಳಿದವರ ಫೋನು. ಅದು ನಿಮ್ಮ ಹತ್ರ ಹೇಗೆ ಬಂತು ಸಾರ್?" ಚಾಚಿದ್ದ ಬೀಗದ ಕೈ ಮೆಲ್ಲಗೆ ಡ್ರಿಲ್ ಮೇಷ್ಟ್ರ ಜೇಬಿಗೆ ಮರಳಿತು.