ಹಿಂದೆ ಹೇಳುವ ದನಿ

"ಟ್ರಯಲ್ ವರ್ಷನ್!"

ಹಾಡಿನ ನಡುವೆ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಕೂಗಿದಳು. ಲಗಮಣ್ಣಜ್ಜ ಬೆಚ್ಚಿಬಿದ್ದು ಲ್ಯಾಪ್‌ಟಾಪಿನ ಹಿಂದೆ ಇಣುಕಿ ನೋಡಿದ.

"ಯಾರಬೇ ಇಕಿ? ದೇವರ ಪದದಾಗ ಬಾಯಿ ಹಾಕ್ತಾಳಲ್ಲ!"

ಮನೀಷಾಳಿಗೆ ನಗುವೂ ಬಂತು, ಅಳುವೂ ಬಂತು. ಶನಿವಾರ ಅವಳ ಶಾಲೆಯಲ್ಲಿ 'ನಮ್ಮೂರ ಹಾಡು' ಕಾರ್ಯಕ್ರಮ. ಆರನೇ ಕ್ಲಾಸಿನವರೆಲ್ಲ ಒಂದೊಂದು ಹಾಡನ್ನು ಪೆನ್‌ಡ್ರೈವಿನಲ್ಲಿ ತರಬೇಕು. ಮೂರು ನಿಮಿಷ ಮೀರಬಾರದು. ಸೋಮವಾರದ ಭಜನೆಯಲ್ಲಿ ಅಜ್ಜ ಹಾಡಿದ್ದನ್ನು ಮನೀಷಾ ಅವ್ವನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಅದು ಆರು ನಿಮಿಷ ಇತ್ತು. ಕತ್ತರಿಸೋಣವೆಂದು ನೆಟ್ಟಿನಲ್ಲಿ ಮೊದಲು ಕಂಡ ಸಾಫ್ಟ್‌ವೇರನ್ನೇ ಹಾಕಿಕೊಂಡರೆ, ಅದು ಅರ್ಧರ್ಧ ನಿಮಿಷಕ್ಕೊಮ್ಮೆ ಈ ಹೆಂಗಸನ್ನು ಸೇರಿಸಿಬಿಟ್ಟಿತ್ತು.

"ಫ್ರೀ ಅಂತ ಬರದಿತ್ತೋ ಅಣ್ಣಾ," ಎಂದಳು.

ಅಣ್ಣ ಮಲ್ಲೇಶ ರಾಯಬಾಗದಲ್ಲಿ ಪಿಯುಸಿ ಓದುತ್ತಿದ್ದ. ಲ್ಯಾಪ್‌ಟಾಪು ಅವನದೇ. "ಫ್ರೀ ಅಂದದ್ದೆಲ್ಲಾ ಒಂದ ಅಲ್ಲಲೇ. ಕೆಲವರು ಫ್ರೀ ಅಂತ ಒಳಗ ಕರದು ಆಮ್ಯಾಲ ಬಾಗ್ಲಾ ಹಾಕ್ತಾರ. ಕೆಲವರು ನಾಕ ಮಂದಿ ಕೂಡಿ ಮಾಡಿ ಊರಿಗೆಲ್ಲಾ ಬಿಟ್ಟಿರ್ತಾರ. ಅದರ ಒಳಗ ಏನೈತಿ ಅಂತ ಯಾರ ಬೇಕಾದ್ರೂ ನೋಡಬಹುದು, ಕೆಟ್ರ ಯಾರ ಬೇಕಾದ್ರೂ ರಿಪೇರಿ ಮಾಡಬಹುದು."

"ಹಂಗಂದ್ರ ನಮ್ಮ ಭಜನಿ ಪದ ಇದ್ದಂಗ ಆತು," ಎಂದ ಅಜ್ಜ. "ಬಂದಾಂವ ಕಲೀತಾನ, ಕಲತಾಂವ ಹಾಡತಾನ. ಬ್ಯಾಡ ಅನ್ನಾಂವ ಯಾರದಾನ?"

ಮಲ್ಲೇಶ ಅಂಥ ಸಾಫ್ಟ್‌ವೇರುಗಳ ಪಟ್ಟಿಯನ್ನೇ ತೆಗೆದ. "ಇದು ಹಾಡು ಕೇಳಾಕ. ಇದು ಹಾಡು ಹೊಂದಿಸಿ ಇಡಾಕ. ಇದು ಹಾಡು ಕತ್ತರಸಾಕ. ಇದು ವಿಡಿಯೋಕ್ಕ. ಯಾವ್ದ ಬೇಕು?"

"ಎಲ್ಲಾ ಹಾಕು! ನಮ್ಮ ಎಮ್ಮಿ ಕರುಂದು ವಿಡಿಯೋ ಮಾಡ್ತೀನಿ."

"ಡಿಸ್ಕಿನಾಗ ಜಾಗಾ ನಿನ್ನ ಎಮ್ಮಿ ಕರು ಕೊಡತೈತೇನು? ಕೆಲಸಕ್ಕ ಬೇಕಾದ್ದಷ್ಟ ಆರಿಸು."

ಮನೀಷಾ ಯೋಚಿಸಿದಳು. ಕೇಳುವುದಕ್ಕೆ ವಿಎಲ್‌ಸಿ, ಕತ್ತರಿಸುವುದಕ್ಕೆ ಆಡಾಸಿಟಿ. ಎರಡು ಸಾಕು ಎಂದಳು.

ಮರುದಿನ ಶಾಲೆಯಿಂದ ಬಂದವಳೇ ಒಬ್ಬಳೇ ಕೆಲಸಕ್ಕೆ ಕುಳಿತಳು. ಹೆಂಗಸು ಕೂಗುವ ಫೈಲನ್ನು ಅಳಿಸಿ, ಮೂಲ ಹಾಡನ್ನು ಆಡಾಸಿಟಿಯಲ್ಲಿ ತೆರೆದಳು. ಪರದೆಯ ಮೇಲೆ ಅದು ನೀಲಿ ಗುಡ್ಡಗಳ ಸಾಲಿನಂತೆ ಕಂಡಿತು. ಒಂದು ದೊಡ್ಡ ಗುಡ್ಡ, ಅದರ ಹಿಂದೆಯೇ ಇನ್ನೊಂದು. ಅಜ್ಜ ಒಂದು ಸಾಲು ಹಾಡುತ್ತಿದ್ದ. ಹಿಂದೆ ಕೂತವರು ಅದೇ ಸಾಲನ್ನು ಮತ್ತೆ ಹೇಳುತ್ತಿದ್ದರು.

'ಹೇಳಿದ್ದನ್ನ ಮತ್ತ ಯಾಕ ಹೇಳ್ತಾರ?' ಎಂದುಕೊಂಡಳು ಮನೀಷಾ. ಹಿಂದಿನ ಗುಡ್ಡ ಹಿಡಿದಳು, ಡಿಲೀಟ್. ಇನ್ನೊಂದು, ಡಿಲೀಟ್. ಒಂದು ಮಾತೂ ಬಿಟ್ಟುಹೋಗಲಿಲ್ಲ, ಹಾಡು ಸರಿಯಾಗಿ ಮೂರೇ ನಿಮಿಷಕ್ಕೆ ಬಂತು! ಹಳೆಯ ಫೈಲಿನ ಜಾಗದಲ್ಲಿ ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದು ಒತ್ತಿ, ಮುಚ್ಚಿಟ್ಟಳು.

ಸಂಜೆ ಅಜ್ಜ ತನ್ನ ಗೆಳೆಯ ಕಾಕಾಸಾಹೇಬನನ್ನು ಕರೆದುಕೊಂಡು ಬಂದ. ಐವತ್ತು ವರ್ಷಗಳಿಂದ ಭಜನೆಯಲ್ಲಿ ಅಜ್ಜನ ಹಿಂದೆ ಹೇಳುವವನು ಅವನೇ. ಒಂದು ಸಲವೂ ಮುಂದೆ ಕೂತು ಹಾಡಿದವನಲ್ಲ. ಇವತ್ತು ಮುಖ ತೊಳೆದು, ಒಗೆದ ಟೋಪಿ ಹಾಕಿಕೊಂಡು ಬಂದಿದ್ದ.

"ನಾನೂ ಅದರಾಗ ಬಂದೀನಂತಲ್ಲ ಪೋರಿ? ನನ್ನ ದನಿ ನಾ ಒಮ್ಮಿನೂ ಕೇಳಿಲ್ಲ. ಹಚ್ಚ ನೋಡೂಣು."

ಅಳಿಸಿದ ಗುಡ್ಡಗಳು ಮನೀಷಾಳಿಗೆ ನೆನಪಾದವು. ಆದರೂ ಹಚ್ಚಿದಳು.

ಅಜ್ಜನ ದನಿ ಬಂತು. "ಬಾಗಿಲಿಗೆ ಬಂದೀನಿ ತಂದೆ, ಬರಿಗೈಲೆ ಬಂದೀನಿ..." ಕಾಕಾಸಾಹೇಬ ಕಣ್ಣುಮುಚ್ಚಿ ಬಾಯಿ ತೆರೆದ. ಅಷ್ಟರಲ್ಲಿ ಅಜ್ಜನ ಮುಂದಿನ ಸಾಲು ಬಂದುಬಿಟ್ಟಿತು. ಬಾಯಿ ಮುಚ್ಚಿದ. ಮತ್ತೆ ತೆರೆದ. ಮತ್ತೆ ಅಜ್ಜನದೇ ಸಾಲು. ಕೊನೆಯವರೆಗೂ ಹೀಗೆಯೇ ಆಯಿತು.

"ಲಗಮಾ, ಹಿಂದ ನಾಯಿ ಬೆನ್ನ ಹತ್ತಿತ್ತೇನೋ?" ಎಂದು ಕಾಕಾಸಾಹೇಬ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, "ನಾ ಎಲ್ಲಿ ಅದೀನವ್ವಾ?"

ಮನೀಷಾ ತಲೆ ತಗ್ಗಿಸಿದಳು. "ಅಳಿಸೀನ್ರಿ ಅಜ್ಜಾ. ಅದ ಮಾತು ಎರಡ ಸಲ ಐತಿ ಅಂತ."

"ಖರೆ ಐತಿ ಬಿಡು. ಅದ ಮಾತು," ಎಂದು ಅವನು ಎದ್ದು ನಿಂತ. "ಎಮ್ಮಿ ಹಿಂಡೂ ಹೊತ್ತಾತು."

"ಕುಂದ್ರೋ," ಎಂದ ಲಗಮಣ್ಣಜ್ಜ. ಮೊಮ್ಮಗಳ ಕಡೆ ತಿರುಗಿದ. "ನೀ ಹಿಂದ ಹೇಳಾವ್ರನ್ನ ತಗದ್ರ ನನ್ನ ಗತಿ ಏನಬೇ? ಅಂವ ಹೇಳೂತನಾ ನಾ ಮುಂದಿನ ಸಾಲು ನೆನಸ್ಕೋತೀನಿ. ಅಂವ ಇರಲಿಲ್ಲಂದ್ರ ಎರಡನೇ ನುಡಿಗೇ ನಾ ಗಪ್!"

ಮನೀಷಾ ಹಳೆಯ ಫೈಲನ್ನು ಎಲ್ಲ ಕಡೆ ಹುಡುಕಿದಳು. ಮೊಬೈಲಿನಲ್ಲೂ ಇರಲಿಲ್ಲ. ಜಾಗ ಇಲ್ಲವೆಂದು ಅವ್ವ ಅಳಿಸಿದ್ದಳು. ನಾಡಿದ್ದೇ ಶನಿವಾರ.

"ಈಗ ಇಲ್ಲೇ ಹಾಡ್ರಿ, ಅಜ್ಜಾ," ಎಂದಳು. "ಈ ಸಲ ಹಿಂದ ಹೇಳಿದ್ದನ್ನ ಅಳಸಂಗಿಲ್ಲ. ಆರು ನುಡಿ ಬ್ಯಾಡ, ಮೂರ ನುಡಿ ಹಾಡ್ರಿ. ಅಷ್ಟಕ್ಕ ಮೂರು ನಿಮಿಷ ಆಗತೈತಿ."

"ಕಡಿ ನುಡಿ ಬಿಡಾಕ ಬರಂಗಿಲ್ಲ," ಎಂದ ಅಜ್ಜ. "ಪದಾ ಕಟ್ಟಿದಾಂವನ ಹೆಸರು ಅದರಾಗ ಐತಿ. ಮೊದಲಿನ್ವು ಎರಡು, ಕಡೀದೊಂದು."

ಕಟ್ಟೆಯ ಮೇಲೆ ಇಬ್ಬರೂ ಕೂತರು. ಮನೀಷಾ ಮೊಬೈಲ್ ಹಿಡಿದಳು. ಅಜ್ಜ ಮೊದಲ ಸಾಲು ಹಾಡಿ ನಿಲ್ಲಿಸಿದ.

ಕಾಕಾಸಾಹೇಬನ ಬಾಯಿಂದ ದನಿಯೇ ಹೊರಡಲಿಲ್ಲ. ಗುಡಿಯಲ್ಲಾದರೆ ಪಕ್ಕದಲ್ಲಿ ಹತ್ತು ಜನ ಇರುತ್ತಿದ್ದರು. ಇಲ್ಲಿ ಒಬ್ಬನೇ. ಅವನು ಟೋಪಿ ಸರಿಮಾಡಿಕೊಂಡ, ನೆಲ ನೋಡಿದ. ಅಜ್ಜ ಮುಂದಕ್ಕೆ ಹೋಗಲಿಲ್ಲ, ಸುಮ್ಮನೆ ಕಾಯುತ್ತ ಕೂತ.

ಮನೀಷಾಳಿಗೆ ತಡೆಯಲಾಗಲಿಲ್ಲ. ಮೊಬೈಲಿನ ಹಿಂದಿನಿಂದ ತಾನೇ ಹಾಡಿದಳು. "ಬಾಗಿಲಿಗೆ ಬಂದೀನಿ ತಂದೆ..."

ಅರ್ಧ ಸಾಲಿಗೆ ಕಾಕಾಸಾಹೇಬನ ದನಿ ಬಂದು ಕೂಡಿತು. ತುಸು ತಡವಾಗಿ, ಒಡಕಾಗಿ, ಆದರೆ ಗಟ್ಟಿಯಾಗಿ. ಎರಡನೇ ಸಾಲಿಗೆ ಅವನು ಕಾಯಲೇ ಇಲ್ಲ. ಮನೀಷಾ ಅವನ ಜೊತೆಯಲ್ಲೇ ಹೇಳಿದಳು, ಕೊನೆಯ ನುಡಿಯವರೆಗೂ.

ಆಮೇಲೆ ಲ್ಯಾಪ್‌ಟಾಪಿಗೆ ಹಾಕಿ, ಮೊದಲು ಇನ್ನೊಂದು ಹೆಸರಿನಲ್ಲಿ ಒಂದು ಕಾಪಿ ಇಟ್ಟಳು. ಶುರುವಿನಲ್ಲಿ ಕಾಕಾಸಾಹೇಬ ಸುಮ್ಮನಿದ್ದಷ್ಟು ಹೊತ್ತನ್ನು ಮಾತ್ರ ಕತ್ತರಿಸಿದಳು. ಆಮೇಲೆ ಹಚ್ಚಿದಳು.

ಕಾಕಾಸಾಹೇಬ ಅಲುಗಾಡದೆ ಕೇಳಿದ. ಹಾಡು ಮುಗಿದ ಮೇಲೂ ಹಾಗೆಯೇ ಕೂತಿದ್ದ.

"ಚಲೋ ಬಂದಿಲ್ಲೇನ್ರಿ?" ಎಂದು ಮನೀಷಾ ಅಂಜುತ್ತ ಕೇಳಿದಳು.

"ಇದು ನನ್ನ ದನಿ ಅಲ್ಲವ್ವಾ," ಎಂದ ಅವನು. ಕಣ್ಣು ಒದ್ದೆಯಾಗಿತ್ತು. "ಥೇಟ್ ನಮ್ಮಪ್ಪನ ದನಿ ಐತಿ. ಅಂವನೂ ಹಿಂದ ಹೇಳ್ತಿದ್ದ, ಲಗಮನ ಅಪ್ಪನ ಹಿಂದ."

ಅಜ್ಜ ಗೆಳೆಯನ ಮೊಣಕಾಲ ಮೇಲೆ ಕೈಯಿಟ್ಟ. ಕೊಟ್ಟಿಗೆಯಲ್ಲಿ ಎಮ್ಮೆ ಒಮ್ಮೆ ಕೂಗಿ ಸುಮ್ಮನಾಯಿತು.

"ಇನ್ನೊಮ್ಮಿ ಹಚ್ಚತೀಯೇನವ್ವಾ?"

'ಈಗಷ್ಟೇ ಕೇಳಿದಿರಲ್ಲ' ಎನ್ನಲಿಲ್ಲ ಮನೀಷಾ. ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿ, ಇಬ್ಬರ ನಡುವೆ ಬಂದು ಕೂತಳು.